ರಟ್ಟಿನ ಪೆಟ್ಟಿಗೆಯಲ್ಲಿ ಪಾಮಿರ್‌ಗೆ: ಟೂರಿಂಗ್ ಸೈಕಲ್ ಬಿಚ್ಚಿ, ಕಟ್ಟಿ, ಮತ್ತೆ ಜೋಡಿಸುವ ಕೆಲಸ

ತಜಿಕಿಸ್ತಾನದ ದುಶಾನ್ಬೆಯಿಂದ ಖೊರೊಗ್, ಮುರ್ಗಾಬ್ ದಾಟಿ ಕಿರ್ಗಿಸ್ತಾನದ ಓಶ್ ಸೇರುವ ಪಾಮಿರ್ ಹೆದ್ದಾರಿಗೆ, ಅಂದರೆ ಎಂ41ಕ್ಕೆ, ಬೆಂಗಳೂರಿನಿಂದ ಸೈಕಲ್ ಒಯ್ಯುವವರು ಟೈರು, ಗೇರು, ಟೆಂಟುಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಪ್ಯಾಕಿಂಗ್ ಮಾತ್ರ ಹೊರಡುವ ಹಿಂದಿನ ರಾತ್ರಿಗೆ ಉಳಿಯುತ್ತದೆ. ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೂರುವ ಹ್ಯಾಂಗರ್ ಬೆಂಡಾಗುವುದು, ಬ್ರೇಕಿನ ಡಿಸ್ಕ್ ಸೊಟ್ಟಗಾಗುವುದು, ಮುಂಚಕ್ರ ಹಿಡಿಯುವ ಫೋರ್ಕಿನ ಕಾಲು ಒಳಕ್ಕೆ ಬಾಗುವುದು ಇವೆಲ್ಲ ಬಹುತೇಕ ಆ ರಾತ್ರಿಯ ಅವಸರದ ಫಲ. ಖೊರೊಗ್ ದಾಟಿದ ಮೇಲೆ ಇವಕ್ಕೆ ಬಿಡಿಭಾಗ ಹುಡುಕಿ ಪ್ರಯೋಜನವಿಲ್ಲ.

ಪೆಟ್ಟಿಗೆಯೊಳಗೆ ಸೈಕಲ್ ಹಾಳಾಗುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಸಡಿಲವಾಗಿ ಬಿಟ್ಟ ಭಾಗಗಳು ದಾರಿಯುದ್ದಕ್ಕೂ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಇಲ್ಲವೇ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಮೇಲೆ ಸೂಟ್‌ಕೇಸ್ ಪೇರಿಸಿದಾಗ ಆ ಭಾರ ನೇರವಾಗಿ ಚಕ್ರ, ಡಿಸ್ಕ್, ಡಿರೇಲರ್‌ಗಳ ಮೇಲೆ ಕೂರುತ್ತದೆ. ಮೊದಲನೆಯದಕ್ಕೆ ಮದ್ದು, ಎಲ್ಲವನ್ನೂ ಫ್ರೇಮಿಗೇ ಬಿಗಿದು ಒಂದೇ ಗಂಟು ಮಾಡುವುದು. ಎರಡನೆಯದಕ್ಕೆ, ಪೆಟ್ಟಿಗೆಯ ಎರಡು ಗೋಡೆಗಳ ನಡುವೆ ಕಂಬ ನಿಲ್ಲಿಸುವುದು. ಬಬಲ್ ರ‍್ಯಾಪ್ ಎಷ್ಟು ಸುತ್ತಿದರೂ ಈ ಎರಡು ಕೆಲಸಗಳ ಬದಲಿಗೆ ಬಾರದು.

ಸೈಕಲ್ ಮತ್ತು ಪೆಟ್ಟಿಗೆ

ಇಲ್ಲಿ ಕಟ್ಟುತ್ತಿರುವುದು ಸ್ಟೀಲ್ ಫ್ರೇಮಿನ ಡ್ರಾಪ್-ಬಾರ್ ಟೂರಿಂಗ್ ಸೈಕಲ್. 700×45 ಟೈರು, ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್ ಬ್ರೇಕು, ಹಿಂದೆ ಮುಂದೆ ಕ್ಯಾರಿಯರ್, ಟೂಲಿಲ್ಲದೆ ಬಿಚ್ಚುವ ಕ್ವಿಕ್ ರಿಲೀಸ್ ಆಕ್ಸಲ್ (ಮುಂದೆ 100 ಮಿ.ಮೀ., ಹಿಂದೆ 135 ಮಿ.ಮೀ.). ಕ್ಯಾರಿಯರ್ ಸೇರಿ ಸುಮಾರು 15.5 ಕೆ.ಜಿ. ಮಡ್‌ಗಾರ್ಡ್ ಬಿಚ್ಚಿ ಮನೆಯಲ್ಲೇ ಇಡಿ. ಪಾಮಿರ್ ಒಣ ಪ್ರದೇಶ. ಅಲ್ಲಿನ ಜಲ್ಲಿ ರಸ್ತೆಯಲ್ಲಿ ಮಡ್‌ಗಾರ್ಡು ಗದ್ದಲ ಮಾಡುವುದೇ ಹೆಚ್ಚು, ಪೆಟ್ಟಿಗೆಯಲ್ಲೂ ಮೊದಲು ಮುರಿಯುವುದು ಅದೇ.

ಪೆಟ್ಟಿಗೆಯನ್ನು ಸೈಕಲ್ ಅಂಗಡಿಯಲ್ಲಿ ಕೇಳಿ. ಹೊಸ ಸೈಕಲ್ ಬಂದ ಕಾರ್ಟನ್‌ಗಳನ್ನು ಅವರು ಗುಜರಿಗೆ ಹಾಕುತ್ತಾರೆ. ಮೊದಲೇ ಹೇಳಿಟ್ಟರೆ ಎತ್ತಿಡುತ್ತಾರೆ. ಬೇಕಾದ ಅಳತೆ ಸುಮಾರು 142×80×22 ಸೆಂ.ಮೀ. ಮಕ್ಕಳ ಸೈಕಲ್ಲಿನ ಪೆಟ್ಟಿಗೆಯೂ ರೋಡ್ ಬೈಕಿನ ಕಿರಿದಾದ ಪೆಟ್ಟಿಗೆಯೂ ಇದಕ್ಕೆ ಸಾಲವು. 29 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಪೆಟ್ಟಿಗೆ ಸರಿಹೊಂದುತ್ತದೆ. ಅದೇ ಕಾರ್ಟನ್ನಿನಲ್ಲಿ ಫೋರ್ಕ್ ತುದಿಗೆ ಸಿಕ್ಕಿಸಿ ಬಂದ ಪ್ಲಾಸ್ಟಿಕ್ ತುಂಡು, ಆಕ್ಸಲ್ ಮುಚ್ಚಳ, ಫೋಮ್ ಸಿಕ್ಕರೆ ಅವನ್ನೂ ಕೇಳಿ ತನ್ನಿ.

ಉದ್ದ, ಅಗಲ, ಎತ್ತರ ಕೂಡಿದರೆ 244 ಸೆಂ.ಮೀ. ಆಯಿತು. ಸಾಮಾನ್ಯ ಲಗೇಜಿಗೆ ಹೆಚ್ಚಿನ ಏರ್‌ಲೈನ್‌ಗಳು ಹಾಕುವ ಮಿತಿ 158 ಸೆಂ.ಮೀ. ಹಾಗಾಗಿ ಇದನ್ನು ಕ್ರೀಡಾ ಸಾಮಗ್ರಿ ಎಂದು ಮುಂಚೆಯೇ ಬುಕ್ ಮಾಡಿಸಿ, ಇಮೇಲಿನಲ್ಲಿ ಬಂದ ಒಪ್ಪಿಗೆಯನ್ನು ಮುದ್ರಿಸಿ ಇಟ್ಟುಕೊಳ್ಳಬೇಕು. ಬೆಂಗಳೂರಿನಿಂದ ದುಶಾನ್ಬೆಗೆ ನೇರ ವಿಮಾನ ಇಲ್ಲದ್ದರಿಂದ ನಡುವೆ ಎಲ್ಲಾದರೂ ಬದಲಾಯಿಸಲೇಬೇಕು. ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿರಲಿ. ಬೇರೆ ಬೇರೆ ಟಿಕೆಟ್ಟಾದರೆ ನಡುವಿನ ಊರಿನಲ್ಲಿ ಪೆಟ್ಟಿಗೆ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ. ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಎರಡನೇ ಏರ್‌ಲೈನಿನ ಲಗೇಜ್ ನಿಯಮ ಬೇರೆಯಾಗಿ ಎರಡನೇ ಬಾರಿ ಹಣ ಕಟ್ಟಬೇಕಾಗಲೂಬಹುದು.

ತೂಕದ ಲೆಕ್ಕ ಹೀಗೆ: ಸೈಕಲ್ 15.5, ಕಾರ್ಟನ್ 4.5, ಫೋಮು ಹಲಗೆ ಕಂಬ ಸೇರಿ 1, ಟೂಲು ಬಿಡಿಭಾಗ 1.5, ಒಟ್ಟು 22.5 ಕೆ.ಜಿ. 23 ಕೆ.ಜಿ. ಮಿತಿಗೆ ಅರ್ಧ ಕೆ.ಜಿ. ಅಂತರ ಸಾಕು, ಅದಕ್ಕಿಂತ ಹತ್ತಿರ ಹೋಗಬೇಡಿ. ಜಾಗ ಉಳಿದಿದೆ ಎಂದು ಟೆಂಟು, ಮಲಗುವ ಚೀಲ ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ಮೆತ್ತನೆಯ ವಸ್ತು ಒಳ್ಳೆಯ ಪ್ಯಾಡಿಂಗ್ ಎಂಬುದು ನಿಜವಾದರೂ ಪೆಟ್ಟಿಗೆ 30 ಕೆ.ಜಿ. ದಾಟಿದರೆ ಒಬ್ಬರೇ ಎತ್ತಲಾಗದೆ ಎಳೆದಾಡುತ್ತಾರೆ, ತಳ ಹರಿಯುತ್ತದೆ. ಒಂದೇ ನಗಕ್ಕೆ 32 ಕೆ.ಜಿ. ಬಹುತೇಕ ಎಲ್ಲ ಕಡೆಯೂ ಕಟ್ಟಕಡೆಯ ಮಿತಿ. ಕ್ಯಾರಿಯರಿಗೆ ನೇತುಹಾಕುವ ನಾಲ್ಕು ಪ್ಯಾನಿಯರ್‌ಗಳನ್ನು ಒಂದು ದೊಡ್ಡ ನೈಲಾನ್ ಚೀಲಕ್ಕೆ ಹಾಕಿ ಎರಡನೇ ನಗವಾಗಿ ಕಳಿಸುವುದೇ ಸರಿ.

ಫೋರ್ಕಿಗೆ ಆಧಾರ, ಪೆಟ್ಟಿಗೆಗೆ ಕಂಬ

ಮುಂದಿನ ಚಕ್ರ ಬಿಚ್ಚಿದೊಡನೆ ಫೋರ್ಕಿನ ಎರಡು ಕಾಲುಗಳ ನಡುವೆ ಏನೂ ಇರುವುದಿಲ್ಲ. ಮೇಲಿಂದ ಭಾರ ಬಿದ್ದರೆ ಅವು ಒಳಕ್ಕೆ ಬಾಗುತ್ತವೆ. ಅಂಗಡಿಯ ಪ್ಲಾಸ್ಟಿಕ್ ತುಂಡು ಇದಕ್ಕೇ ಇರುವುದು, ಆದರೆ ಅದು ಸುಲಭವಾಗಿ ಉದುರುತ್ತದೆ. ಬದಲಿಗೆ ಹಾರ್ಡ್‌ವೇರ್ ಅಂಗಡಿಯಿಂದ ಎಂ8 ಥ್ರೆಡ್ ರಾಡು ತಂದು 14 ಸೆಂ.ಮೀ. ತುಂಡು ಮಾಡಿಸಿ. ಎರಡು ನಟ್ಟು, ನಾಲ್ಕು ವಾಷರು, ತುದಿಗೆ ಎರಡು ಗುಮ್ಮಟದ ನಟ್ಟು ಬೇಕು. ಒಳಗಿನ ನಟ್ಟುಗಳನ್ನು, ವಾಷರ್ ಸೇರಿ ಹೊರ ಅಂಚಿನಿಂದ ಹೊರ ಅಂಚಿಗೆ ಸರಿಯಾಗಿ 100 ಮಿ.ಮೀ. ಬರುವಂತೆ ನಿಲ್ಲಿಸಿ. ರಾಡನ್ನು ಫೋರ್ಕಿನ ಬಾಯಿಗೆ ಕೂರಿಸಿ ಹೊರಗಿನಿಂದ ಗುಮ್ಮಟದ ನಟ್ಟು ಬಿಗಿದರೆ ಮುಗಿಯಿತು. ಗುಮ್ಮಟದ ನಟ್ಟೇ ಏಕೆಂದರೆ ಬರಿಯ ರಾಡಿನ ತುದಿ ರಟ್ಟನ್ನು ತೂತು ಮಾಡುತ್ತದೆ. ಇದನ್ನು ಪ್ರವಾಸದುದ್ದಕ್ಕೂ ಟೂಲ್ ಚೀಲದಲ್ಲೇ ಇಡಿ. ವಾಪಸು ಬರುವಾಗ ಓಶ್‌ನಲ್ಲಿ ಬೇಕಾಗುತ್ತದೆ.

ಕಂಬಕ್ಕೆ 25 ಮಿ.ಮೀ.ನ ಪಿವಿಸಿ ಪೈಪು ಸಾಕು. ಪೆಟ್ಟಿಗೆಯ ಒಳ ಅಗಲ ಅಳೆದು (22ರ ಪೆಟ್ಟಿಗೆಯಲ್ಲಿ ಸುಮಾರು 21 ಸೆಂ.ಮೀ. ಬರುತ್ತದೆ) ಅಷ್ಟೇ ಉದ್ದದ ಮೂರು ತುಂಡು ಕೊಯ್ಯಿರಿ. ಒಂದೂವರೆ ಸೆಂ.ಮೀ. ಗಿಡ್ಡವಾದರೂ ಕಂಬ ನಿರುಪಯುಕ್ತ. ಭಾರ ಬಿದ್ದಾಗ ಅಷ್ಟು ದೂರ ಗೋಡೆ ಒಳಗೆ ಬಂದು ಮೊದಲು ಡಿಸ್ಕನ್ನು ಮುಟ್ಟುತ್ತದೆ. ಪ್ರತಿ ತುದಿಗೆ ಅಂಗೈಯಗಲದ ರಟ್ಟನ್ನು ಎರಡು ಪದರ ಮಾಡಿ ಅಂಟಿಸಬೇಕು, ಇಲ್ಲವಾದರೆ ಪೈಪೇ ಗೋಡೆಯನ್ನು ತೂರಿ ಹೊರಬರುತ್ತದೆ. ಒಂದು ಕಂಬ ಫ್ರೇಮಿನ ಮುಖ್ಯ ತ್ರಿಕೋನದ ನಡುವೆ, ಇನ್ನೊಂದು ಹೆಡ್ ಟ್ಯೂಬಿನ (ಫೋರ್ಕ್ ತೂರುವ ಮುಂದಿನ ಗಿಡ್ಡ ಕೊಳವೆ) ಮುಂದೆ, ಮೂರನೆಯದು ಹಿಂಚಕ್ರದ ಸ್ಪೋಕುಗಳ ನಡುವೆ ಹಬ್ಬಿನ ಹತ್ತಿರ. ಮೂರನ್ನೂ ಜಿಪ್ ಟೈಯಿಂದ ಫ್ರೇಮಿಗೋ ಚಕ್ರಕ್ಕೋ ಕಟ್ಟಿ. ಆಮೇಲೆ ಪೆಟ್ಟಿಗೆ ಮಲಗಿಸಿ ಮೇಲೆ ಮೊಣಕಾಲೂರಿ ನೋಡಿ, ರಟ್ಟು ತಗ್ಗಬಾರದು.

ಬಿಚ್ಚುವ ಕ್ರಮ

ಮೊದಲು ಗುರುತು. ಸೀಟ್‌ಪೋಸ್ಟ್ ಫ್ರೇಮಿನೊಳಗೆ ಇಳಿಯುವ ಜಾಗಕ್ಕೆ ಇನ್ಸುಲೇಶನ್ ಟೇಪು ಒಂದು ಸುತ್ತು. ಹ್ಯಾಂಡಲ್‌ಬಾರು ಸ್ಟೆಮ್ಮಿಗೆ (ಅದನ್ನು ಫೋರ್ಕಿಗೆ ಜೋಡಿಸುವ ಗಿಡ್ಡ ತುಂಡು) ಸೇರುವಲ್ಲಿ ಮಾರ್ಕರ್‌ನಿಂದ ಒಂದು ಗೆರೆ. ಫ್ರೇಮ್ ನಂಬರು ಸಾಮಾನ್ಯವಾಗಿ ಬಾಟಮ್ ಬ್ರಾಕೆಟ್ಟಿನ, ಅಂದರೆ ಪೆಡಲುಗಳ ಅಚ್ಚು ಕೂರುವ ಭಾಗದ, ಅಡಿಯಲ್ಲಿರುತ್ತದೆ, ಅದರ ಸ್ಪಷ್ಟ ಫೋಟೋ ಈಗಲೇ ತೆಗೆಯಿರಿ.

ಪೆಡಲ್ಲಿಗೆ 15 ಮಿ.ಮೀ. ತೆಳು ಸ್ಪ್ಯಾನರು, ಅಥವಾ ಆಕ್ಸಲಿನ ಹಿಂಬದಿಯಲ್ಲಿ ತೂತಿದ್ದರೆ 6 ಇಲ್ಲವೇ 8 ಮಿ.ಮೀ. ಅಲೆನ್ ಕೀ. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ. ನೆನಪಿಡಲು ಸುಲಭದ ದಾರಿ ಇದೆ: ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರುವಂತೆ ಹಾಕಿ ಹಿಂಚಕ್ರದ ಕಡೆ ತಳ್ಳಿದರೆ ಎರಡೂ ಬದಿಯ ಪೆಡಲ್ ಬಿಚ್ಚಿಕೊಳ್ಳುತ್ತದೆ. ಹೊರಡುವ ಒಂದು ವಾರ ಮುಂಚೆಯೇ ಒಮ್ಮೆ ಬಿಚ್ಚಿ, ಗ್ರೀಸ್ ಹಚ್ಚಿ ಹಾಕಿಡಿ. ವರ್ಷಗಟ್ಟಲೆ ಬಿಚ್ಚದ ಪೆಡಲ್ ಮಧ್ಯರಾತ್ರಿ ಸಣ್ಣ ಟೂಲಿಗೆ ಜಗ್ಗುವುದಿಲ್ಲ.

ಹಿಂಚಕ್ರ ಫ್ರೇಮಿನಲ್ಲೇ ಇರಲಿ. ಚೈನನ್ನು ಮುಂದೆ ದೊಡ್ಡ ಹಲ್ಲುಚಕ್ರಕ್ಕೆ ಏರಿಸಿ, ಹಲ್ಲುಗಳಿಗೆ ಅದೇ ರಕ್ಷಣೆ. ನಂತರ 5 ಮಿ.ಮೀ. ಅಲೆನ್ ಕೀಯಿಂದ ಹಿಂದಿನ ಡಿರೇಲರನ್ನು ಹ್ಯಾಂಗರಿನಿಂದ ಬಿಚ್ಚಿ. ಕೇಬಲ್ಲು, ಚೈನು ಯಾವುದನ್ನೂ ಕಳಚುವ ಅಗತ್ಯವಿಲ್ಲ. ಡಿರೇಲರನ್ನು ಬಟ್ಟೆಯಲ್ಲಿ ಸುತ್ತಿ, ಹಿಂಚಕ್ರದ ಪಕ್ಕ ಸಾಗುವ ಕೆಳಗಿನ ಕೊಳವೆಯ, ಅಂದರೆ ಚೈನ್‌ಸ್ಟೇಯ ಒಳಬದಿಗೆ, ಸ್ಪೋಕಿಗೆ ತಗಲದಂತೆ ಕಟ್ಟಿ. ಇಷ್ಟಕ್ಕೆ ಹಿಡಿಯುವುದು ಐದು ನಿಮಿಷ. ಇಡೀ ಪ್ಯಾಕಿಂಗಿನಲ್ಲಿ ಇದಕ್ಕಿಂತ ಮುಖ್ಯ ಹೆಜ್ಜೆ ಇಲ್ಲ, ಏಕೆಂದರೆ ಪೆಟ್ಟಿಗೆ ಬಲಬದಿಗೆ ಬಿದ್ದಾಗ ನೆಲಕ್ಕೆ ಮೊದಲು ತಾಗುವ ಭಾಗ ಡಿರೇಲರು. ಅದರ ಹಿಂದಿನ ಹ್ಯಾಂಗರು ಸುಲಭವಾಗಿ ಬಾಗುತ್ತದೆ, ಅಲ್ಯೂಮಿನಿಯಂನದಾದರೆ ಬೇಕೆಂದೇ ಮೆದುವಾಗಿ ಮಾಡಿದ್ದು.

ಮುಂಚಕ್ರ ಬಿಚ್ಚಿ ಕ್ವಿಕ್ ರಿಲೀಸ್ ಕಡ್ಡಿಯನ್ನು ಪೂರ್ತಿ ಹೊರತೆಗೆಯಿರಿ. ಪೆಟ್ಟಿಗೆಯ ಗೋಡೆ ತೂತಾಗುವುದು, ಆ ತೂತಿನಿಂದ ಸಣ್ಣ ಸಾಮಾನು ಉದುರಿ ಹೋಗುವುದು ಹೆಚ್ಚಾಗಿ ಈ ಕಡ್ಡಿಯಿಂದಲೇ.

ಹ್ಯಾಂಡಲ್‌ಬಾರಿಗೆ ಸ್ಟೆಮ್ಮಿನ ಮುಖಪಟ್ಟಿಯ ನಾಲ್ಕು ಬೋಲ್ಟು ಮಾತ್ರ ಬಿಚ್ಚಿ. ಸ್ಟೆಮ್ಮನ್ನು ಫೋರ್ಕಿನಿಂದ ಕಳಚಬೇಡಿ. ಕಳಚಿದರೆ ಫೋರ್ಕ್ ತಿರುಗುವ ಬೇರಿಂಗುಗಳ ಜೋಡಣೆಯಾದ ಹೆಡ್‌ಸೆಟ್ಟಿನ ಬಿಗಿ ಹೋಗಿ, ಫೋರ್ಕ್ ಕೆಳಗೆ ಜಾರಿ, ಬೇರಿಂಗು ಉಂಗುರಗಳು ಪೆಟ್ಟಿಗೆಯ ತಳ ಸೇರುತ್ತವೆ. ಮುಖಪಟ್ಟಿಯನ್ನು ಬೋಲ್ಟ್ ಸಮೇತ ಮತ್ತೆ ಸ್ಟೆಮ್ಮಿಗೇ ಹಾಕಿಡಿ. ಈಗ ಫೋರ್ಕನ್ನು 180 ಡಿಗ್ರಿ ಹಿಂದಕ್ಕೆ ತಿರುಗಿಸಿ. ಟೂರಿಂಗ್ ಫೋರ್ಕು ಸುಮಾರು 45 ಮಿ.ಮೀ. ಮುಂದಕ್ಕೆ ಬಾಗಿರುತ್ತದೆ, ತಿರುಗಿಸಿದಾಗ ಆ ಬಾಗು ಹಿಂದಕ್ಕೆ ಹೋಗಿ ಒಟ್ಟು ಉದ್ದದಲ್ಲಿ 8 ಸೆಂ.ಮೀ.ನಷ್ಟು ಉಳಿತಾಯವಾಗುತ್ತದೆ. ಸೈಕಲ್ ಪೆಟ್ಟಿಗೆಗೆ ಹಿಡಿಯುತ್ತಿಲ್ಲ ಎನ್ನುವವರ ತೊಂದರೆ ಹಲವು ಸಲ ಇಲ್ಲಿಗೇ ಬಗೆಹರಿಯುತ್ತದೆ. ಬ್ರೇಕ್ ಕೇಬಲ್ಲು ಬಿಗಿದರೆ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಕಡೆಯಲ್ಲಿ ಸಡಿಲಿಸಿ, ಲಿವರಿನ ಹತ್ತಿರ ಕೇಬಲ್ ಮುರಿದಂತೆ ಬಾಗಬಾರದು. ಹ್ಯಾಂಡಲ್‌ಬಾರನ್ನು ಫ್ರೇಮಿನ ಬಲಬದಿಗೆ ಸಮಾನಾಂತರವಾಗಿ, ಡ್ರಾಪ್ ಭಾಗ ಟಾಪ್ ಟ್ಯೂಬಿಗೆ ಸಿಕ್ಕುವಂತೆ ನೇತುಹಾಕಿ ಮೂರು ಕಡೆ ಕಟ್ಟಿ. ಮುಂದಿನ ಕ್ಯಾರಿಯರ್ ಬಿಚ್ಚಬೇಕು. ಹಿಂದಿನದು 80 ಸೆಂ.ಮೀ. ಎತ್ತರದೊಳಗೆ ಹಾಗೇ ಹಿಡಿಯುತ್ತದೆ.

ಮುಂಚಕ್ರದ ಜಾಗ ಫ್ರೇಮಿನ ಎಡಬದಿ. ಡಿಸ್ಕ್ ಇರುವ ಮಗ್ಗುಲು ಫ್ರೇಮಿನ ಕಡೆಗಿರಲಿ, ನಡುವೆ ಎರಡು ಪದರ ರಟ್ಟು. ಡಿಸ್ಕ್ ಹೊರಗಡೆಗಿದ್ದರೆ ಒಂದೇ ಏಟಿಗೆ ಸೊಟ್ಟ. ಎಡ ಕ್ರ್ಯಾಂಕನ್ನು (ಪೆಡಲ್ ಕೂರುವ ತೋಳು) ಸ್ಪೋಕುಗಳ ನಡುವೆ ತೂರಿಸಿದರೆ ಚಕ್ರ ಫ್ರೇಮಿಗೆ ಇನ್ನೂ ಹತ್ತಿರ ಬರುತ್ತದೆ. ಹಬ್ಬಿನ ಎರಡೂ ತುದಿಗೆ ಪ್ಲಾಸ್ಟಿಕ್ ಮುಚ್ಚಳ, ಇಲ್ಲವೇ ದಪ್ಪ ರಟ್ಟಿನ ಬಿಲ್ಲೆ. ಫ್ರೇಮಿಗೆ ಎ.ಸಿ. ಪೈಪಿಗೆ ಹಾಕುವ ಕಪ್ಪು ಫೋಮು ಅತ್ಯುತ್ತಮ: 28.6 ಮಿ.ಮೀ.ನ ಟಾಪ್ ಟ್ಯೂಬಿಗೆ 28ರದ್ದು, 31.8ರ ಡೌನ್ ಟ್ಯೂಬಿಗೆ 35ರದ್ದು. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ. ಹೈಡ್ರಾಲಿಕ್ ಬ್ರೇಕಿನವರು ಪ್ಯಾಡುಗಳ ನಡುವೆ ಬಿಲ್ಲೆ ಇಡುವುದನ್ನು ಮರೆಯಬಾರದು. ಚಕ್ರ ಇಲ್ಲದಾಗ ಲಿವರ್ ಒತ್ತಿದರೆ ಪಿಸ್ಟನ್ ಹೊರಬಂದು ಹಿಂದೆ ಸರಿಯುವುದಿಲ್ಲ.

ಕೊನೆಗೆ ತಳ. ಒಂದು ಹೆಚ್ಚುವರಿ ರಟ್ಟು ಹಾಸಿ, ಫೋರ್ಕ್ ತುದಿ ಕೂರುವ ಜಾಗಕ್ಕೆ 12 ಮಿ.ಮೀ. ಪ್ಲೈವುಡ್ಡಿನ 18×10 ಸೆಂ.ಮೀ. ತುಂಡು ಇಡಿ, ಇಲ್ಲವಾದರೆ ಇಡೀ ಮುಂಭಾಗದ ಭಾರ ಎರಡು ಚೂಪಾದ ತುದಿಗಳ ಮೇಲೆ ನಿಲ್ಲುತ್ತದೆ. ಪೆಡಲು, ಕ್ವಿಕ್ ರಿಲೀಸ್, ಬೋಲ್ಟು, ಟೂಲು ಎಲ್ಲ ಒಂದೇ ಗಟ್ಟಿ ಚೀಲದಲ್ಲಿ, ಚೀಲ ಫ್ರೇಮಿಗೆ ಕಟ್ಟಿರಬೇಕು. ಭದ್ರತೆಯವರು ಪೆಟ್ಟಿಗೆ ತೆರೆದು ಅರೆಬರೆ ಮುಚ್ಚಿದರೂ ಆಗ ಏನೂ ಉದುರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೊರಡುವುದಾದರೆ ಪೆಟ್ಟಿಗೆಯ ತಳಕ್ಕೆ, ಗೋಡೆಯ ಅರ್ಧದವರೆಗೆ ಪ್ಲಾಸ್ಟಿಕ್ ಹಾಳೆ ಹಾಕಿ. ಮಳೆಯಲ್ಲಿ ನೆಂದ ರಟ್ಟು ಏನನ್ನೂ ಹಿಡಿದಿಡದು.

ಟೈರಿನ ಗಾಳಿ

ವಿಮಾನದ ಹೊಟ್ಟೆಯಲ್ಲಿ ಟೈರು ಸಿಡಿಯುತ್ತದೆ ಎಂಬ ಮಾತು ಕೌಂಟರಿನವರ ಬಾಯಲ್ಲೂ ಕೇಳುತ್ತದೆ. ಪ್ರಯಾಣಿಕ ವಿಮಾನದಲ್ಲಿ ಸಾಮಾನು ಇಡುವ ಜಾಗದ ಒತ್ತಡವೂ ಕ್ಯಾಬಿನ್ನಿನಷ್ಟೇ ಇರುತ್ತದೆ, ಅಂದರೆ ಹೆಚ್ಚೆಂದರೆ 2,400 ಮೀಟರ್ ಎತ್ತರದಲ್ಲಿರುವಷ್ಟು. ಬೆಂಗಳೂರು ಇರುವುದೇ 900 ಮೀಟರಿನ ಮೇಲೆ, ಹಾಗಾಗಿ ಟೈರಿನ ಗೇಜಿನಲ್ಲಿ ಏರುವುದು ಎರಡು ಮೂರು ಪಿಎಸ್‌ಐ ಮಾತ್ರ. ಇದೇ ಟೈರುಗಳು ಆಮೇಲೆ 4,655 ಮೀಟರಿನ ಅಕ್-ಬೈತಾಲ್ ಕಣಿವೆದಾರಿ ಏರಬೇಕು. ಅಲ್ಲಿ ಹೊರಗಿನ ಒತ್ತಡ ವಿಮಾನದೊಳಗಿನದಕ್ಕಿಂತಲೂ ಕಡಿಮೆ. ಆದರೂ ಕೌಂಟರಿನಲ್ಲಿ ವಾದ ಬೇಡ, ಗಾಳಿ ಇಳಿಸಿ. ಪೂರ್ತಿ ಖಾಲಿ ಮಾಡದೆ 15ರಿಂದ 20 ಪಿಎಸ್‌ಐ ಉಳಿಸಿಕೊಂಡರೆ ಪೆಟ್ಟಿಗೆ ಕುಕ್ಕಿದಾಗ ರಿಮ್ಮಿಗೆ ಏಟು ಬೀಳುವುದಿಲ್ಲ. ಅಗಲವೂ ಸ್ವಲ್ಪ ಕಡಿಮೆಯಾಗುತ್ತದೆ.

ಪೆಟ್ಟಿಗೆಯಲ್ಲಿ ಹಾಕಬಾರದ್ದು

ಪವರ್ ಬ್ಯಾಂಕು, ಬಿಡಿ ಲಿಥಿಯಂ ಬ್ಯಾಟರಿ ಎಲ್ಲ ಕೈಚೀಲದಲ್ಲೇ ಹೋಗಬೇಕು. 100 ವ್ಯಾಟ್-ಅವರ್‌ವರೆಗೆ ವಿಶೇಷ ಅನುಮತಿ ಬೇಡ. 20,000 ಎಂಎಎಚ್‌ನ ಪವರ್ ಬ್ಯಾಂಕು 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಅವರ್. ಪಂಕ್ಚರ್ ಸೊಲ್ಯೂಷನ್ ಉರಿಯುವ ದ್ರಾವಣ, ಅದನ್ನು ಬಿಟ್ಟು ಅಂಟು ಬಳಿದೇ ಬರುವ ಪ್ಯಾಚು ಒಯ್ಯಿರಿ. ಸೊಲ್ಯೂಷನ್ ದುಶಾನ್ಬೆಯ ಬಜಾರಿನಲ್ಲಿ ಕೊಳ್ಳಬಹುದು. ಗ್ಯಾಸ್ ಡಬ್ಬಿ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರು, ಸ್ಪ್ರೇ ಎಣ್ಣೆ ಮೂರನ್ನೂ ಮನೆಯಲ್ಲಿ ಬಿಡಿ. ಪೆಟ್ರೋಲ್ ಸ್ಟವ್ ಇದ್ದರೆ ಅದರ ಬಾಟಲಿಗೆ ವಾಸನೆಯೂ ಉಳಿದಿರಬಾರದು, ಏರ್‌ಲೈನಿನ ಒಪ್ಪಿಗೆಯೂ ಬೇಕು. ಹೊಸ ಬಾಟಲಿ ಕೊಂಡು ಅಲ್ಲೇ ತುಂಬಿಸುವುದು ನೆಮ್ಮದಿ.

ವಿಮಾನ ನಿಲ್ದಾಣ

ಪೆಟ್ಟಿಗೆ ವಾಯುವಜ್ರ ಬಸ್ಸಿನ ಲೆಕ್ಕದಲ್ಲಿಲ್ಲ. ಎರಡೂ ಹಿಂದಿನ ಸಾಲು ಮಡಚುವ ಎರ್ಟಿಗಾ ತರಹದ ಗಾಡಿ ಬೇಕು. ಬುಕ್ ಮಾಡುವಾಗಲೇ ಚಾಲಕರಿಗೆ ಅಳತೆ ಹೇಳಿ.

ದುಬಾರಿ ವಿದೇಶಿ ಸೈಕಲ್ ಆಗಿದ್ದರೆ ಹೊರಡುವಾಗ ಕಸ್ಟಮ್ಸ್‌ನಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆಯುವುದು ಒಳಿತು. ವಾಪಸು ಬರುವಾಗ ಇದನ್ನು ಹೊರದೇಶದಲ್ಲಿ ಕೊಂಡಿರಬಹುದೇ ಎಂಬ ಪ್ರಶ್ನೆಗೆ ಅದೇ ಉತ್ತರ. ಖರೀದಿ ಬಿಲ್ಲು, ಫ್ರೇಮ್ ನಂಬರಿನ ಫೋಟೋ ಕೈಯಲ್ಲಿರಲಿ. ಪೆಟ್ಟಿಗೆ ಒಳಗೆ ಹೋದ ಮೇಲೆ ಅಧಿಕಾರಿಗೆ ತೋರಿಸಲು ಏನೂ ಉಳಿಯದ ಕಾರಣ, ಲಗೇಜ್ ಒಪ್ಪಿಸುವ ಮೊದಲೇ ಕೇಳಬೇಕು. ಅಲ್ಲಿಯವರೆಗೆ ಪೆಟ್ಟಿಗೆಯ ಮೇಲ್ಭಾಗಕ್ಕೆ ಎರಡು ಬೆಲ್ಟ್ ಮಾತ್ರ ಹಾಕಿ, ಟೇಪಿನ ರೋಲು ಕೈಯಲ್ಲಿಟ್ಟುಕೊಳ್ಳಿ. ದೊಡ್ಡ ಸಾಮಾನಿನ ಸ್ಕ್ಯಾನಿಂಗ್ ಪ್ರತ್ಯೇಕ ಜಾಗದಲ್ಲಿ ನಡೆಯುತ್ತದೆ, ಅದು ಮುಗಿಯುವವರೆಗೆ ಅಲ್ಲೇ ನಿಂತಿರಿ.

ಮತ್ತೆ ಜೋಡಣೆ

ದುಶಾನ್ಬೆಯಲ್ಲಿ ಲಗೇಜ್ ಹಾಲಿನಿಂದ ಹೊರಬರುವ ಮುನ್ನ ಪೆಟ್ಟಿಗೆಯ ಎಲ್ಲ ಮಗ್ಗುಲು ನೋಡಿ. ದೊಡ್ಡ ಹರಕು ಕಂಡರೆ ಅಲ್ಲೇ ಹಾನಿಯ ವರದಿ ಬರೆಸಿ ಪ್ರತಿ ತೆಗೆದುಕೊಳ್ಳಬೇಕು. ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಪ್ರಯಾಣದಲ್ಲಿ ಲಿಖಿತ ದೂರಿಗೆ ಇರುವ ಗಡುವು ಸಾಮಾನು ಕೈಗೆ ಬಂದ 7 ದಿನ.

ಫೋರ್ಕನ್ನು ಮುಂದಕ್ಕೆ ತಿರುಗಿಸಿ, ಮುಂಚಕ್ರ ಹಾಕಿ, ಆಮೇಲೆ ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟ್ ಸಡಿಲಿಸಿ. ಮೇಲಿನ ಮುಚ್ಚಳದ ಬೋಲ್ಟನ್ನು ಹೆಡ್‌ಸೆಟ್ಟಿನ ಅಲುಗಾಟ ನಿಲ್ಲುವಷ್ಟೇ ತಿರುಗಿಸಿ, ಸ್ಟೆಮ್ಮನ್ನು ಚಕ್ರಕ್ಕೆ ನೇರ ಮಾಡಿ, ಪಕ್ಕದ ಬೋಲ್ಟುಗಳನ್ನು 5 ನ್ಯೂಟನ್-ಮೀಟರಿಗೆ ಬಿಗಿಯಿರಿ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ತಳ್ಳಿದಾಗ ಟಕ್ ಟಕ್ ಅನ್ನಬಾರದು. ಮುಂಭಾಗ ಎತ್ತಿ ಹಿಡಿದಾಗ ಫೋರ್ಕ್ ತಾನಾಗಿ ಪಕ್ಕಕ್ಕೆ ತಿರುಗಬೇಕು. ಮುಖಪಟ್ಟಿಯ ನಾಲ್ಕು ಬೋಲ್ಟನ್ನು ಕರ್ಣರೇಖೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿದು ಮೇಲೆ ಕೆಳಗೆ ಒಂದೇ ಸಂದು ಬರುವಂತೆ ನೋಡಿ. ಪೆಡಲನ್ನು ಮೊದಲ ಕೆಲವು ಸುತ್ತು ಬರಿಗೈಯಲ್ಲೇ ತಿರುಗಿಸಬೇಕು. ಶುರುವಿನಲ್ಲೇ ಸ್ಪ್ಯಾನರ್ ಹಾಕಿ ಅಡ್ಡ ಥ್ರೆಡ್ ಮಾಡಿದರೆ ಅಲ್ಯೂಮಿನಿಯಂ ಕ್ರ್ಯಾಂಕೇ ಹಾಳು.

ಡಿರೇಲರ್ ಹಾಕುವ ಮುಂಚೆ ಹಿಂದಿನಿಂದ ಕೂತು ಹ್ಯಾಂಗರ್ ನೋಡಿ. ಅದು ಒಳಕ್ಕೆ ಬಾಗಿದ್ದರೆ ಹಗುರ ಗೇರಿನಲ್ಲಿ, ಅಂದರೆ ಹಿಂದಿನ ದೊಡ್ಡ ಹಲ್ಲುಚಕ್ರದಲ್ಲಿ, ಚೈನು ಸ್ಪೋಕಿನೊಳಗೆ ಬಿದ್ದು ಡಿರೇಲರನ್ನೇ ಕಿತ್ತುಹಾಕುತ್ತದೆ, ಅದೂ ಏರು ಹತ್ತುವಾಗ. ಜೊತೆಯಲ್ಲಿ ಇನ್ನೊಂದು ಸೈಕಲ್ ಇದ್ದರೆ ನೇರ ಮಾಡಲು ಒಳ್ಳೆಯ ಉಪಾಯವಿದೆ. ಹ್ಯಾಂಗರಿನ ಥ್ರೆಡ್ ಎಂ10×1. ಕ್ವಿಕ್ ರಿಲೀಸ್ ಹಿಂಚಕ್ರದ ಮಾಮೂಲಿ ಕಪ್-ಕೋನ್ ಹಬ್ಬಿನ ಆಕ್ಸಲ್ ಥ್ರೆಡ್ಡೂ ಅದೇ. ಇನ್ನೊಂದು ಸೈಕಲ್ಲಿನ ಹಿಂಚಕ್ರ ಬಿಚ್ಚಿ, ಕಡ್ಡಿ ತೆಗೆದು, ಆಕ್ಸಲಿನ ತುದಿಯನ್ನು ಹ್ಯಾಂಗರಿಗೆ ತಿರುಗಿಸಿ. ಈಗ ಎರಡು ಚಕ್ರಗಳು ಅಕ್ಕಪಕ್ಕ ನಿಲ್ಲುತ್ತವೆ. ಮೇಲೆ, ಕೆಳಗೆ, ಹಿಂದೆ, ಮುಂದೆ ಅವುಗಳ ನಡುವಿನ ಅಂತರ ಒಂದೇ ಆಗುವವರೆಗೆ ಹೊರಗಿನ ಚಕ್ರವನ್ನು ಮೆಲ್ಲನೆ ಬಾಗಿಸಿ. ಸ್ಟೀಲ್ ಹ್ಯಾಂಗರು ಇದನ್ನು ಹಲವು ಬಾರಿ ತಾಳುತ್ತದೆ. ಅಲ್ಯೂಮಿನಿಯಂನದನ್ನು ಒಮ್ಮೆ ನೇರ ಮಾಡಿದರೂ ಹೊಸದೊಂದು ಜೊತೆಗಿರಬೇಕು. ಬಿಗಿಯುವಾಗ ಡಿರೇಲರ್ ಬೋಲ್ಟಿಗೆ 8ರಿಂದ 10 ನ್ಯೂಟನ್-ಮೀಟರ್.

ಡಿಸ್ಕ್ ಸೊಟ್ಟಗಾಗಿದ್ದರೆ ಸ್ವಚ್ಛವಾದ ಅಡ್ಜಸ್ಟಬಲ್ ಸ್ಪ್ಯಾನರಿನ ಬಾಯಿಯನ್ನು ಕಿರಿದು ಮಾಡಿ, ಉಜ್ಜುವ ಜಾಗದಲ್ಲಿ ಹಿಡಿದು ಕೂದಲೆಳೆಯಷ್ಟು ಬಾಗಿಸಿ ಬಿಡಿ, ಮತ್ತೆ ತಿರುಗಿಸಿ ನೋಡಿ. ಬೆರಳಿನ ಎಣ್ಣೆ ತಾಗಬಾರದು. ಚಕ್ರದ ಒಂದೆರಡು ಮಿ.ಮೀ. ಓಲಾಟ ಡಿಸ್ಕ್ ಬ್ರೇಕಿಗೆ ತೊಂದರೆಯಲ್ಲ. ಆದರೆ ಸ್ಪೋಕುಗಳನ್ನು ಜೋಡಿ ಜೋಡಿಯಾಗಿ ಒತ್ತಿ ನೋಡಿ ಸಡಿಲವಾದದ್ದನ್ನು ಕಾಲು ಸುತ್ತಿನ ಲೆಕ್ಕದಲ್ಲಿ ಬಿಗಿಯಬೇಕು. ಊರೊಳಗೆ ಸಾಮಾನು ಹೇರಿಕೊಂಡು ಹತ್ತು ಹದಿನೈದು ಕಿ.ಮೀ. ಓಡಿಸಿದ ಮೇಲೆ ಕ್ಯಾರಿಯರ್, ಸ್ಟೆಮ್, ಪೆಡಲ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಕ್ಯಾರಿಯರ್ ಬೋಲ್ಟಿಗೆ, ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಹಚ್ಚಿದ್ದರೆ ಜಲ್ಲಿ ರಸ್ತೆಯಲ್ಲಿ ನಿಶ್ಚಿಂತೆ.

ಓಶ್‌ನಲ್ಲಿ ಪೆಟ್ಟಿಗೆ

ದಾರಿ ಒಂದೇ ಕಡೆಗೆ ಸಾಗುವುದರಿಂದ ಹಳೆಯ ಪೆಟ್ಟಿಗೆ ದುಶಾನ್ಬೆಯಲ್ಲೇ ಉಳಿಯುತ್ತದೆ. ಓಶ್‌ನಲ್ಲಿ ಸೈಕಲ್ ಕಾರ್ಟನ್ ಸಿಗದಿದ್ದರೆ 50 ಇಂಚಿನ ಟಿ.ವಿ.ಯ ಎರಡು ಕಾರ್ಟನ್ ಕೇಳಿ. ಒಂದೊಂದೇ ತೀರಾ ಕಿರಿದು. ಎರಡರದೂ ಒಂದೊಂದು ದೊಡ್ಡ ಮುಖ ಕೊಯ್ದು ಎದುರುಬದುರಾಗಿ ಒಂದರ ಅಂಚಿನ ಮೇಲೆ ಇನ್ನೊಂದನ್ನು ಹೊದಿಸಿದರೆ ಅಗಲವನ್ನು 22 ಸೆಂ.ಮೀ.ಗೆ ನಿಲ್ಲಿಸಿಕೊಳ್ಳಬಹುದು. ಉದ್ದ ಸುಮಾರು 125 ಸೆಂ.ಮೀ. ಮಾತ್ರ ಸಿಗುವುದರಿಂದ ಈ ಸಲ ಹಿಂಚಕ್ರವನ್ನೂ ಬಿಚ್ಚಬೇಕು. ಹಾಗಾಗಿ ಎಂ8 ರಾಡಿನ ಇನ್ನೊಂದು ಜೊತೆ 17.5 ಸೆಂ.ಮೀ. ಉದ್ದದ್ದು, ಒಳಗಿನ ನಟ್ಟುಗಳ ಹೊರ ಅಂಚಿನ ಅಳತೆ 135 ಮಿ.ಮೀ.ಗೆ ಹೊಂದಿಸಿದ್ದು, ಮನೆಯಿಂದಲೇ ಒಯ್ದಿರಬೇಕು. 15 ಜಿಪ್ ಟೈ, ಪಂಪಿಗೆ ಸುತ್ತಿಟ್ಟ ನಾಲ್ಕೈದು ಮೀಟರ್ ಟೇಪು ಕೂಡ. ಫೋಮಿನ ಬದಲು ಮಲಗುವ ಚಾಪೆ ಸುತ್ತಿ. ಪಿವಿಸಿ ಪೈಪು ಓಶ್ ಬಜಾರಿನಲ್ಲಿ ಕೊಳ್ಳಿ, ಕಂಬದ ಅಳತೆಯನ್ನು ಹೊಸ ಪೆಟ್ಟಿಗೆಯ ಒಳ ಅಗಲ ನೋಡಿಯೇ ಕೊಯ್ಯಿಸಿ.